ಏಳನೆಯ ಹೆಬ್ಬೆಟ್ಟು

ಮುಳುಗಡೆಯ ಊರಿನವರಿಗೆ ಒಂದು ವಿದ್ಯೆ ತಾನಾಗಿ ಬಂದಿರುತ್ತದೆ. ನೀರು ಬರುವ ಮೊದಲು ಸರ್ವೆಯವರು ಬರುತ್ತಾರೆ, ಸರ್ವೆಯವರು ಬರುವ ಮೊದಲು ಸುದ್ದಿ ಬರುತ್ತದೆ. ಸುದ್ದಿ ಬಂದ ದಿನವೇ ಜಾಣನಾದವನು ಅಂಗಳದಲ್ಲಿ ಹತ್ತು ಸಸಿ ನೆಡುತ್ತಾನೆ, ಹಿತ್ತಲಲ್ಲಿ ನಾಲ್ಕು ತಗಡು ಹೊದಿಸಿ ಅದನ್ನೂ ಮನೆ ಎನ್ನುತ್ತಾನೆ. ಒಂದೇ ಒಲೆಯ ರೊಟ್ಟಿ ತಿನ್ನುವ ಅಣ್ಣತಮ್ಮಂದಿರು ಕಾಗದದ ಮೇಲೆ ಬೇರೆಯಾಗುತ್ತಾರೆ. ಮುಳುಗುವುದಂತೂ ಮುಳುಗಿಯೇ ತೀರುತ್ತದೆ, ಎಷ್ಟು ಮಂದಿ ಹಕ್ಕುದಾರರು ಎಂಬುದಷ್ಟೇ ಕೊನೆಗೆ ಉಳಿಯುವುದು. ಬಾಗಲಕೋಟೆ ನವನಗರದ ಮುರಿಗೆಪ್ಪ ಬಾದವಾಡಗಿ ಈ ವಿದ್ಯೆಯಲ್ಲಿ ಪಳಗಿದವನು. ಅದೇ ವಿದ್ಯೆ ಅವನ ಕೊರಳಿಗೆ ಉರುಳಾಯಿತು.

ಅವನ ಊರು ಕಲ್ಲಗುಂಡನಾಳ. ಹಿನ್ನೀರು ಆ ಊರನ್ನು ನುಂಗಿ ಹನ್ನೆರಡು ವರ್ಷವಾಗಿತ್ತು. ಪರಿಹಾರ ಬಂದಿತ್ತು, ನವನಗರದಲ್ಲಿ ಜಾಗ ಸಿಕ್ಕಿತ್ತು, ಮೂವರು ಅಣ್ಣತಮ್ಮಂದಿರಿಗೂ ಅವರವ್ವ ಗುರವ್ವನಿಗೂ ಬೇರೆ ಬೇರೆಯಾಗಿ. ಮುರಿಗೆಪ್ಪ ಆಗಲೇ ಮಾಡಿಸಿಟ್ಟಿದ್ದ ವಾಟ್ನಿಯ, ಅಂದರೆ ಪಾಲುಪತ್ರದ, ಫಲ ಅದು. ಊರಿನವರು ಬೈದುಕೊಂಡರೂ ಒಳಗೊಳಗೇ ಮೆಚ್ಚಿದ್ದರು.

ಊರು ಮುಳುಗಿದ ಮರುವರ್ಷ "ಬಯಲು" ಬಂತು.

ಫೋನಿನ ಮುಂದೆ ಒಂದು ಹೆಸರು ಹೇಳಿದರೆ ಅದು ನಮ್ಮನ್ನು ಅಲ್ಲಿಗೆ ಮುಟ್ಟಿಸುತ್ತದೆ, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಯಂತ್ರಕ್ಕೆ ಹೆಸರು ತಿಳಿಯುವುದಿಲ್ಲ, ಅದಕ್ಕೆ ತಿಳಿಯುವುದು ಅಂಕಿ. ಈ ಹೆಸರಿಗೆ ಈ ಅಂಕಿ ಎಂದು ಬರೆದಿಟ್ಟ ಪಟ್ಟಿಯೊಂದು ಇರುತ್ತದೆ. ಇಡೀ ಜಗತ್ತಿನ ಯಂತ್ರಗಳು ಕೇಳುವುದು ಆ ಒಂದೇ ಪಟ್ಟಿಯನ್ನು, ಜನರ ಬಾಯಲ್ಲಿ ಅದು ದೊಡ್ಡ ಪಟ್ಟಿ. ಅಲ್ಲಿ ಹೆಸರು ಇಟ್ಟುಕೊಳ್ಳಬೇಕೆಂದರೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕು, ತಪ್ಪಿದರೆ ಹೆಸರು ಇನ್ನೊಬ್ಬನ ಪಾಲು. ಇದಕ್ಕೆ ಬೇಸತ್ತ ಯಾರೋ ಎಲ್ಲೋ ಕುಳಿತು ಬೇರೊಂದು ಪಟ್ಟಿ ಕಟ್ಟಿದರು. ಅದಕ್ಕೆ ಒಡೆಯನಿಲ್ಲ, ಕಚೇರಿಯಿಲ್ಲ. ಅದರ ಪ್ರತಿ ಲೋಕದ ತುಂಬ ನಲವತ್ತು ಸಾವಿರ ಯಂತ್ರಗಳಲ್ಲಿ ಇತ್ತು. ಅವೆಲ್ಲ ಸೇರಿ ಹೌದೆಂದರೆ ಹೌದು. ಒಮ್ಮೆ ಕೊಂಡರೆ ಹೆಸರು ಮೊಮ್ಮಕ್ಕಳ ಕಾಲಕ್ಕೂ ನಿಮ್ಮದೇ. ಫೋನಿನವರೂ ದೊಡ್ಡ ಪಟ್ಟಿಯ ಜೊತೆಗೆ ಇದನ್ನೂ ಕೇಳತೊಡಗಿದಾಗ ಬಯಲಿಗೆ ಕಳೆ ಬಂತು.

ಹೆಸರು ಕೊಂಡು ಇಟ್ಟು, ಬೆಲೆ ಬಂದಾಗ ಮಾರುವವರು ಎಲ್ಲ ಊರಲ್ಲೂ ಹುಟ್ಟಿಕೊಂಡರು. ಮುರಿಗೆಪ್ಪನ ಯೋಚನೆ ಮಾತ್ರ ಬೇರೆ. ಒಂದು ಹೊಳೆಗೆ ಎರಡು ಹರಿವು ಬಹಳ ದಿನ ಇರುವುದಿಲ್ಲ, ಎಂದಾದರೊಂದು ದಿನ ದೊಡ್ಡ ಪಟ್ಟಿ ಈ ಬಯಲನ್ನು ನುಂಗುತ್ತದೆ, ನುಂಗುವವರು ಪರಿಹಾರ ಕೊಡಲೇಬೇಕು. ಹೀಗೆ ಎಣಿಸಿ ಅವನು ಮುನ್ನೂರ ನಲವತ್ತು ಹೆಸರು ಕೊಂಡ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ, ಬಡಿಗೇರ ಎಂದು ನಮ್ಮ ಕಡೆಯ ಅಡ್ಡಹೆಸರುಗಳೇ ನೂರಿಪ್ಪತ್ತು. ನವನಗರದಲ್ಲಿ ಅವನನ್ನು ನೋಡಿ ಇನ್ನೂ ಮೂವತ್ತು ಮಂದಿ ಕೊಂಡರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇವರು ಕುಲಾವಿಯ ಅಂಗಡಿಯನ್ನೇ ಇಟ್ಟರು.

ಅವುಗಳಲ್ಲಿ ಮಾರಲಿಕ್ಕಲ್ಲದ ಹೆಸರು ಒಂದೇ. ಅದು ಕಲ್ಲಗುಂಡನಾಳ.

ಊರು ಮುಳುಗುವ ಮುಂಚಿನ ಬೇಸಗೆಯಲ್ಲಿ ಪಾಲಿಟೆಕ್ನಿಕ್ಕಿನ ಹುಡುಗಿಯರು ಬಂದು, ಬೆಳಕು ಚೆಲ್ಲಿ ಅಳೆಯುವ ಯಂತ್ರದಿಂದ ಇನ್ನೂರ ಆರು ಮನೆಗಳನ್ನೂ ಕಲ್ಲು ಕಲ್ಲಾಗಿ ಅಳೆದುಕೊಂಡು ಹೋಗಿದ್ದರು. ಊರಬಾಗಿಲ ಅಗಸಿ, ಬಾವಿಯ ಮೆಟ್ಟಿಲು, ಗೋಡೆಯ ಬಿರುಕು, ಯಾವುದನ್ನೂ ಬಿಟ್ಟಿರಲಿಲ್ಲ. ಕನ್ನಡಕವೊಂದನ್ನು ಹಾಕಿಕೊಂಡು ಹೆಸರು ಹೇಳಿದರೆ ಆ ಊರಿನಲ್ಲಿ ತಿರುಗಾಡಬಹುದಿತ್ತು. ಇದನ್ನು ಬಯಲಿನಲ್ಲಿ ಇಡೋಣ, ಅಲ್ಲಾದರೆ ಯಾವ ಸರಕಾರವೂ ಮತ್ತೆ ಮುಳುಗಿಸಲಾರದು ಎಂದವನು ಮುರಿಗೆಪ್ಪನೇ. ಊರವರೆಲ್ಲ ಒಪ್ಪಿದರು. ಊರನ್ನು ಸಾವಿರಾರು ತುಣುಕು ಮಾಡಿ ಬಯಲಿನ ಯಂತ್ರಗಳಲ್ಲಿ ಹರಡಿದರು. ಯಾವ ತುಣುಕು ಎಲ್ಲಿದೆ ಎಂಬ ಚೀಟಿ ಆ ಹೆಸರಿನ ಪೆಟ್ಟಿಗೆಯೊಳಗೆ ಭದ್ರವಾಯಿತು. ಊರಿನೊಳಗೆ ಯಾರು ಬೇಕಾದರೂ ಹೋಗಿಬರಬಹುದು, ಆದರೆ ಪೆಟ್ಟಿಗೆ ತೆರೆದು ಊರನ್ನು ಎತ್ತಿಕೊಂಡು ಹೋಗಲು ಹಕ್ಕುದಾರರ ಹೆಬ್ಬೆಟ್ಟು ಬೇಕು.

ಹಕ್ಕುದಾರರು ಏಳು ಮಂದಿ. ಮುರಿಗೆಪ್ಪ, ಅವನ ಹೆಂಡತಿ ಸುವರ್ಣಾ, ತಮ್ಮಂದಿರಾದ ಈರಣ್ಣ ಮತ್ತು ಬಸಲಿಂಗ, ಅವರಿಬ್ಬರ ಹೆಂಡಂದಿರು, ಏಳನೆಯವಳು ಮುದುಕಿ ಗುರವ್ವ. ಒಬ್ಬನೇ ಇದ್ದರೆ ಒಂದು ಪಾಲು, ಏಳು ಜನ ಇದ್ದರೆ ಏಳು. ಏಳರಲ್ಲಿ ಐದು ಹೆಬ್ಬೆಟ್ಟು ಬಿದ್ದರೆ ಸಾಕೆಂದು ಬರೆಸೋಣ ಎಂದು ಪಾಲಿಟೆಕ್ನಿಕ್ಕಿನ ಹುಡುಗಿಯರಲ್ಲಿ ಒಬ್ಬಳು ಹೇಳಿದ್ದಳು. ಐದು ಸಾಕೆಂದರೆ ಉಳಿದ ಎರಡು ಹಕ್ಕು ಕಚ್ಚಾ ಆಗುತ್ತವೆ ಎಂದು ಮುರಿಗೆಪ್ಪ ಒಪ್ಪಲಿಲ್ಲ. ಏಳಕ್ಕೆ ಏಳೂ ಬೇಕು ಎಂದು ಬರೆಸಿದ.

ಇನ್ನೊಂದು ಕೆಲಸವನ್ನೂ ಮಾಡಿಸಿದ. ಕಾಲೇಜಿನ ಯಂತ್ರದಲ್ಲಿ ಊರಿನ ಮೂಲ ಅಳತೆ ಹಾಗೆಯೇ ಉಳಿದಿತ್ತು. ಒಂದೇ ಆಸ್ತಿಗೆ ಎರಡು ಉತಾರ, ಅಂದರೆ ಎರಡು ಹಕ್ಕಿನ ದಾಖಲೆ, ಇದ್ದರೆ ನಾಳೆ ಪರಿಹಾರದ ಹೊತ್ತಿಗೆ ತಕರಾರು ಬರುತ್ತದೆಂದು, ಆ ಹುಡುಗಿಯ ಪಕ್ಕದಲ್ಲೇ ಕುಳಿತು ಅದನ್ನು ಅಳಿಸಿಹಾಕಿಸಿದ.

*

ಆ ಹುಡುಗಿ ರುಬೀನಾ ಜಮಾದಾರ. ಈಗ ಅವಳಿಗೆ ಮೂವತ್ತನಾಲ್ಕು, ಅದೇ ಪಾಲಿಟೆಕ್ನಿಕ್ಕಿನಲ್ಲಿ ಕಲಿಸುತ್ತಾಳೆ. ಹಿಂದಿನ ಕಟ್ಟಡದ ಒಂದು ಕೋಣೆಯಲ್ಲಿ ಬಯಲಿನ ಒಂದು ಯಂತ್ರವನ್ನು ಹನ್ನೊಂದು ವರ್ಷದಿಂದ ಸಾಕಿಕೊಂಡು ಬಂದಿದ್ದಳು. ಗೋಡೆಯ ಮೇಲೆ ಒಂದು ಫಲಕ, ಅದರಲ್ಲಿ ಒಂದೇ ಅಂಕಿ: ಲೋಕದಲ್ಲಿ ಈ ಹೊತ್ತಿಗೆ ಬಯಲಿನ ಎಷ್ಟು ಯಂತ್ರ ಉಸಿರಾಡುತ್ತಿವೆ ಎಂಬುದು. ಆ ಸೋಮವಾರ ಬೆಳಿಗ್ಗೆ ಮುರಿಗೆಪ್ಪ ಒಳಗೆ ಬಂದಾಗ ಅದು 1,126 ತೋರಿಸುತ್ತಿತ್ತು.

"ಕುಂದ್ರಿ ಕಾಕಾ," ಎಂದಳು ರುಬೀನಾ. "ಸುದ್ದಿ ಕೇಳೀರಿಲ್ಲೋ? ಮುಂದಿನ ಒಂದನೇ ತಾರೀಖಿನಿಂದ ಫೋನಿನವರು ಬಯಲು ಕೇಳೂದು ಬಿಡತಾರಂತ. ಒಂದ ಸಾಲಿನ ನೋಟೀಸು ಹಾಕ್ಯಾರ."

ಮುರಿಗೆಪ್ಪನ ಮುಖ ಅರಳಿತು. "ಬಂತೇನು? ಇದನ್ನ ಹನ್ನೊಂದು ವರ್ಷದಿಂದ ಕಾಯಾಕತ್ತೇನಿ ನಾ. ಪರಿಹಾರದ ಅರ್ಜಿ ಯಾರಿಗಿ ಕೊಡಬೇಕಂತ ಅದರಾಗ ಬರದಾರೇನು?"

"ಪರಿಹಾರ? ಯಾತಕ್ಕ?"

"ಹೆಸರಿಗೆ, ಯವ್ವಾ. ಮುಳಗಸೋವ್ರು ಕೊಡಬೇಕಲ್ಲ."

ರುಬೀನಾ ಅವನ ಮುಖವನ್ನೇ ನೋಡಿದಳು. ಈ ಮನುಷ್ಯ ಹನ್ನೊಂದು ವರ್ಷ ಏನನ್ನು ನಂಬಿ ಕುಳಿತಿದ್ದ ಎಂಬುದು ಅವಳಿಗೆ ಆಗಲೇ ಪೂರ್ತಿ ತಿಳಿದದ್ದು.

"ಕಾಕಾ, ನಮ್ಮನ್ನ ಯಾರೂ ಮುಳಗಸಾಕತ್ತಿಲ್ರಿ. ನಮ್ಮನ್ನ ಕೇಳೂದ ಬಿಡಾಕತ್ತಾರ, ಅಷ್ಟ. ನಿಮ್ಮ ಅಂಗಡಿಗಿ ಗಿರಾಕಿ ಬರೂದ ಬಿಟ್ರ ಅವನ ಮ್ಯಾಲ ಕೇಸ್ ಹಾಕಾಕ ಬರತೈತೇನು? ಮೊನ್ನೆ ನೋಡ್ರಿ, ಮೆಣಸಿನಕಾಯಿ ಅನ್ನೂ ಹೆಸರು ದೊಡ್ಡ ಪಟ್ಟ್ಯಾಗ ಯಾವನೋ ಚಿಪ್ಸ್ ಮಾಡೋವ ತಗೊಂಡಾನ. ನಿಮ್ಮನ್ನ ಒಂದ ಮಾತ ಕೇಳಿಲ್ಲ. ಕೇಳೂ ಜರೂರಿನೂ ಅವಗ ಇಲ್ಲ."

ಮುರಿಗೆಪ್ಪ ಕುಳಿತ. ಮುನ್ನೂರ ಮೂವತ್ತೊಂಬತ್ತು ಹೆಸರು ಅಷ್ಟು ಹೊತ್ತಿನಲ್ಲಿ ಗಾಳಿಗೆ ಹಾರಿದ ಹೊಟ್ಟಾದವು. ಆದರೂ ರುಬೀನಾ ಅವನನ್ನು ಕರೆಸಿದ್ದು ಅದಕ್ಕಲ್ಲ.

"ಅವೆಲ್ಲಾ ಹೋಗ್ಲಿ ಕಾಕಾ, ಊರ ಉಳಿಸಿಕೊಳ್ಳೂಣು," ಎಂದು ಅವಳು ಫಲಕ ತೋರಿಸಿದಳು. "ಬೆಲಿ ಬಿದ್ದ ಮ್ಯಾಲ ಯಂತ್ರ ಇಟಗೊಂಡವರು ಒಬ್ಬೊಬ್ಬರ ಆರಸಾಕತ್ತಾರ. ದಿನಕ್ಕ ಮೂವತ್ತು ಹೋಗಾಕತ್ತಾವ. ಸಾವಿರಕ್ಕಿಂತ ಕೆಳಗಿಳೀತಂದ್ರ ಪಟ್ಟಿ ಕಲ್ಲಾಗತೈತಿ. ನಾಕ ಮಂದಿ ಕೂಡಿ ಕಳ್ಳ ಉತಾರ ಮಾಡಬಾರ್ದಂತ ಮೊದಲ ಇಟ್ಟ ನೇಮ ಅದು. ಆಮ್ಯಾಲ ಯಾರ ಪೆಟಗಿನೂ ತೆಗ್ಯಾಕ ಬರೂದಿಲ್ಲ. ಅದರೊಳಗ ನೀವು ಎಲ್ಲಾರೂ ಬಂದು ಹೆಬ್ಬೆಟ್ಟ ಕೊಟ್ರ, ಚೀಟಿ ತಗೊಂಡು ಇಡೀ ಊರನ್ನ ನಮ್ಮ ಕಾಲೇಜಿನ ಯಂತ್ರಕ್ಕ ಇಳಿಸಿಕೊಳ್ತೇನಿ. ಗುರುವಾರ ಆಗಬೇಕು. ಶುಕ್ರವಾರ ಅಂದ್ರ ಭರೋಸೆ ಇಲ್ಲ."

"ಆತು. ತಮ್ಮಂದಿರಿಗೆ ಹೇಳ್ತೇನಿ."

"ಮತ್ತ ಕಾಕಾ," ಎಂದಳು ರುಬೀನಾ. "ಅಜ್ಜಿ ತೀರಿಕೊಂಡು ಎರಡ ವರ್ಷ ಆತು. ವರ್ಷದೊಳಗ ಉಳದ ಆರೂ ಮಂದಿ ಹೇಳಿದ್ರ ಅಜ್ಜಿ ಹೆಸರ ಕಡಿಮಿ ಮಾಡಾಕ ಬರ್ತೈತಿ, ವಾರಸಾ ಮಾಡಿಸ್ರಿ ಅಂತ ನಾ ನಿಮಗ ಹೇಳಿದ್ದೆ. ಮಾಡಿಸೀರಿ ಹೌದಿಲ್ರಿ? ಹಕ್ಕದಾರರ ಹೆಸರು ಪೆಟಗಿ ತೆಗಿಯೂತನಕ ನನಗ ಕಾಣೂದಿಲ್ಲ, ಅದಕ್ಕ ಕೇಳಾಕತ್ತೇನಿ."

"ಮಾಡ್ಸೇನಿ," ಎಂದ ಮುರಿಗೆಪ್ಪ.

ಮಾಡಿಸಿರಲಿಲ್ಲ. ಅವನಪ್ಪ ಅಜ್ಜನನ್ನು ಉತಾರದಲ್ಲಿ ಹನ್ನೊಂದು ವರ್ಷ ಜೀವಂತ ಇಟ್ಟಿದ್ದ. ಸತ್ತವರ ಹೆಸರು ಕಾಗದದಲ್ಲಿ ಇದ್ದಷ್ಟು ದಿನ ಅವರ ಪಾಲೂ ಇರುತ್ತದೆ ಎಂಬುದು ಆ ಮನೆಯ ಬುದ್ಧಿವಂತಿಕೆ. ಏಳು ಹೋಗಿ ಆರಾದರೆ ಒಂದು ಪಾಲು ಕಡಿಮೆ. ವರ್ಷ ಮುಗಿದ ದಿನ ಮುರಿಗೆಪ್ಪನಿಗೆ ನೆನಪಿತ್ತು, ನೆನಪಿದ್ದೂ ಸುಮ್ಮನಿದ್ದ. ಅಂಥ ಕಾಗದಗಳಿಗೆ ಆಮೇಲೆ ದಂಡ ಕಟ್ಟಿ, ಅಫಿಡವಿಟ್ ಮಾಡಿಸಿ, ಒಂದು ದಾರಿ ಇದ್ದೇ ಇರುತ್ತದೆ ಎಂದು ಅವನು ತಿಳಿದಿದ್ದ. ಇಷ್ಟು ವರ್ಷದಲ್ಲಿ ಅಂಥ ದಾರಿ ಇಲ್ಲದ ಕಚೇರಿಯನ್ನೇ ಅವನು ಕಂಡಿರಲಿಲ್ಲ.

*

ಮನೆಗೆ ಬಂದಾಗ ಸುವರ್ಣಾ ಊರಿಗೆ ಹೋಗಿದ್ದಳು. ಅಂದರೆ ದೇವರ ಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು, ಕನ್ನಡಕ ಏರಿಸಿಕೊಂಡು, ಕೈಯನ್ನು ತೊಡೆಯ ಮೇಲಿಟ್ಟು ಕುಳಿತಿದ್ದಳು. ಸ್ನಾನವಾದ ಮೇಲೆ, ಒಲೆ ಹೊತ್ತಿಸುವ ಮೊದಲು, ಹನ್ನೊಂದು ವರ್ಷದಿಂದ ತಪ್ಪದೆ ನಡೆದುಬಂದದ್ದು ಅದು. ಅಗಸಿ ದಾಟಿ, ಬಸವಣ್ಣನ ಗುಡಿಯ ಎಡಕ್ಕೆ ಹೊರಳಿ, ಬಾದವಾಡಗಿಯವರ ಹೊಲದ ಬದುವಿನ ಮೇಲೆ ನಡೆದರೆ ಒಂದು ಬನ್ನಿಗಿಡ. ಗಿಡದ ಕೆಳಗೆ ಸುಣ್ಣ ಹಚ್ಚಿದ ನಾಲ್ಕು ಕಲ್ಲುಗಳ ನಡುವೆ ಒಂದು ಮೊಳ ಎತ್ತರದ ಮಣ್ಣು. ದಾನಮ್ಮನ ಗದ್ದಿಗೆ ಅದು. ದಾನಮ್ಮ ಅವರ ಒಬ್ಬಳೇ ಮಗಳು. ಐದು ವರ್ಷದವಳಿದ್ದಾಗ ಮೂರು ದಿನದ ಜ್ವರದಲ್ಲಿ ಹೋದಳು. ಅವಳು ಹೋದ ನಾಲ್ಕನೆಯ ವರ್ಷ ನೀರು ಬಂತು.

ಬಯಲು ಬರುವ ಮುನ್ನ ಒಂದು ಸಲ, ಮುಳುಗಿದ ಮರುಶ್ರಾವಣದಲ್ಲಿ, ಸುವರ್ಣಾ ಹಿನ್ನೀರಿನ ದಂಡೆಗೆ ಹೋಗಿ ನೀರಿಗೆ ಉಡಿ ತುಂಬಿ, ಮಗಳಿಗೆ ಇಷ್ಟವಾಗಿದ್ದ ಸಿಹಿಪುಡಿ ಮಾದಲಿಯನ್ನು ಬಿಟ್ಟು ಬಂದಿದ್ದಳು. ಆಗ ಬನ್ನಿಗಿಡದ ತುದಿ ಇನ್ನೂ ನೀರಿನ ಮೇಲೆ ಕಾಣುತ್ತಿತ್ತು. ಊರು ಕನ್ನಡಕದೊಳಗೆ ಬಂದ ಮೇಲೆ ದಂಡೆಗೆ ಹೋಗುವುದನ್ನು ಬಿಟ್ಟಳು. ಮಗಳು ಮನೆಯಲ್ಲೇ ಇರುವಾಗ ಹೊಳೆಗೆ ಯಾಕೆ ಹೋಗಲಿ ಎನ್ನುತ್ತಿದ್ದಳು.

ಕನ್ನಡಕ ತೆಗೆದು ಅವಳು ಕಣ್ಣು ಒರೆಸಿಕೊಂಡಳು. "ಏನ್ರೀ, ಇವತ್ತ ಅಗಸಿ ಹಂತೇಕ ಕುಲಕರ್ಣ್ಯಾರ ಮನಿ ಕಾಣಲೇ ಇಲ್ಲ. ಮನಿ ಇದ್ದಲ್ಲೆ ಬರೇ ಬೆಳ್ಳಗ. ಮಂಜ ಬಿದ್ದೈತೇನೋ ಅನಕೊಂಡೆ."

"ನೆಟ್‌ವರ್ಕ್ ಇರಬೇಕು," ಎಂದ ಮುರಿಗೆಪ್ಪ.

"ಹಂಗಂದ್ರ ನಾಳೆ ಬರತೈತಲ್ಲ?"

ಅವನು ರೊಟ್ಟಿ ಬಡಿಯಲು ಹೇಳಿ ಹೊರಗೆ ಹೋದ. ಹೋಗಿ ಕಟ್ಟೆಯ ಮೇಲೆ ಕುಳಿತು ಫೋನ್ ತೆಗೆದು, ಬಯಲಿನವರ ಕಚೇರಿ ಎಲ್ಲಿದೆ ಎಂದು ಹುಡುಕಿದ. ಒಂದು ಗಂಟೆ ಹುಡುಕಿದ. ಯಾವ ಊರಿನಲ್ಲೂ ಕಚೇರಿ ಇರಲಿಲ್ಲ, ಸಾಹೇಬನಿರಲಿಲ್ಲ, ಗುಮಾಸ್ತನೂ ಇರಲಿಲ್ಲ. ಕಾಲು ಹಿಡಿಯಲಿಕ್ಕೆ ಕಾಲೇ ಇಲ್ಲದ ಜಾಗ ಅದು. ಕಚೇರಿ ಇಲ್ಲ ಎಂಬುದನ್ನೇ ದೊಡ್ಡಸ್ತಿಕೆಯೆಂದು ಹೇಳಿ ಅವನು ಇಡೀ ಊರನ್ನು ಒಪ್ಪಿಸಿದ್ದ. ಈಗ ಒಬ್ಬ ಸಿಟ್ಟಿನ ಗುಮಾಸ್ತ ಸಿಕ್ಕಿದ್ದರೂ ಅವನ ಮುಂದೆ ಮೂರು ದಿನ ನಿಂತಿರುತ್ತಿದ್ದ.

ಸಂಜೆ ಹಳೆಯ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಅದರಲ್ಲಿ ಪರಿಹಾರದ ಆದೇಶದ ಪ್ರತಿ ಇತ್ತು. ಕೊನೆಯ ಹಾಳೆಯಲ್ಲಿ ಅವ್ವನ ಎಡಗೈ ಹೆಬ್ಬೆಟ್ಟು, ನೀಲಿ ಮಸಿಯಲ್ಲಿ, ಗೆರೆಗೆರೆಯೂ ಕಾಣುವಂತೆ ಮೂಡಿತ್ತು. ಮುರಿಗೆಪ್ಪ ಅದನ್ನು ಬಹಳ ಹೊತ್ತು ನೋಡಿದ. ಗೆರೆ ಇವೆಯಲ್ಲ, ಸಾಕು ಎಂದುಕೊಂಡ.

ಬುಧವಾರ ಸುವರ್ಣಾ ಕನ್ನಡಕ ತೆಗೆದು, ಗುಡಿಯ ಮುಂದಿನ ಕಟ್ಟೆಯೂ ಬಾವಿಯೂ ಇಲ್ಲವೆಂದಳು. ಅವಳ ದನಿಯಲ್ಲಿ ಹೆದರಿಕೆ ಸೇರಿತ್ತು. ಆಗ ಅವನು ಅರ್ಧ ಹೇಳಿದ. ಬಯಲು ಮುಚ್ಚುತ್ತಿದೆ, ನಾಳೆ ಹೋಗಿ ಎಲ್ಲರೂ ಹೆಬ್ಬೆಟ್ಟು ಕೊಟ್ಟರೆ ರುಬೀನಾ ಊರನ್ನು ತೆಗೆದಿಡುತ್ತಾಳೆ ಎಂದ.

"ಅಷ್ಟ ಹೌದಲ್ಲ? ಹೆಬ್ಬೆಟ್ಟ ಕೊಡೂದಷ್ಟ?"

"ಅಷ್ಟ."

"ನೀರ ಬಂದಾಗೂ ಹಿಂಗ ಅಂದಿದ್ರಿ, ಸಹಿ ಮಾಡೂದಷ್ಟ ಅಂತ," ಎಂದು ಸುವರ್ಣಾ ನಕ್ಕಳು. ಕುಹಕದ ನಗೆಯಲ್ಲ. ಗಂಡ ಕಾಗದಪತ್ರದ ವಿಷಯದಲ್ಲಿ ಎಂದೂ ಸೋತವನಲ್ಲ ಎಂಬ ಭರವಸೆ ಅವಳಿಗಿತ್ತು.

*

ಗುರುವಾರ ಹನ್ನೊಂದು ಗಂಟೆಗೆ ಆರೂ ಜನ ಆ ಕೋಣೆಯಲ್ಲಿ ಸೇರಿದರು. ಇಳಕಲ್ಲಿನಿಂದ ಈರಣ್ಣ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ, ಬಸಲಿಂಗನೂ ಅವನ ಹೆಂಡತಿಯೂ ನವನಗರದವರೇ. ಹೆಂಗಸರು ಕುರ್ಚಿಯ ಮೇಲೆ, ಗಂಡಸರು ಗೋಡೆಗೆ ಒರಗಿ. ಫಲಕದಲ್ಲಿ 1,019.

"ಈ ಗಾಜಿನ ಮ್ಯಾಲ ಬೆರಳ ಇಡ್ರಿ, ಹಗೂರಕ," ಎಂದಳು ರುಬೀನಾ. "ಗೆರಿ ಅಷ್ಟ ಅಲ್ಲ, ಬೆರಳಾಗ ನಾಡಿ ಬಡಿಯೂದನ್ನೂ ನೋಡತೈತಿ. ಒಂದೀಟು ಹೊತ್ತು ಹಿಡೀಬೇಕು."

ನಾಡಿ ಎಂಬ ಮಾತು ಕೇಳಿ ಮುರಿಗೆಪ್ಪ ಪ್ಲಾಸ್ಟಿಕ್ ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿದ. ಹನ್ನೊಂದು ವರ್ಷದ ಹಿಂದೆ ಬೆರಳು ಕೊಟ್ಟಾಗ ನಾಡಿಯ ವಿಷಯವನ್ನು ಅವನು ಗಮನಿಸಿರಲಿಲ್ಲ.

ಒಬ್ಬೊಬ್ಬರಾಗಿ ಬೆರಳಿಟ್ಟರು. ಹಸಿರು ದೀಪ ಆರು ಸಲ ಹೊತ್ತಿತು. ಆರನೆಯದು ಸುವರ್ಣಾಳದು. ಅವಳು ಬೆರಳನ್ನು ಕಣ್ಣಿಗೊತ್ತಿಕೊಂಡು ಗಾಜಿನ ಮೇಲೆ ಇಟ್ಟಳು. ಪೆಟ್ಟಿಗೆ ತೆರೆಯಿತೆಂದೇ ಎಲ್ಲರೂ ಎಣಿಸಿದರು. ಆದರೆ ಪರದೆಯ ಮೇಲೆ ಏಳನೆಯ ಚೌಕ ಮೂಡಿತು, ಅದರ ಕೆಳಗೆ ಒಂದು ಹೆಸರು: ಗುರವ್ವ ಬಾದವಾಡಗಿ.

ರುಬೀನಾ ಪರದೆ ನೋಡಿದಳು, ಆಮೇಲೆ ಮುರಿಗೆಪ್ಪನ ಕಡೆ ತಿರುಗಿದಳು.

ಅವನು ಅವಸರದಿಂದ ಪ್ಲಾಸ್ಟಿಕ್ ಚೀಲ ಬಿಚ್ಚಿ ಹಾಳೆ ತೆಗೆದ. "ಇದು ಐತಿ, ಯವ್ವಾ. ಅವ್ವನದ, ಅಸಲು. ಸರಕಾರ ಇದಕ್ಕ ಪರಿಹಾರ ಕೊಟ್ಟೈತಿ," ಎನ್ನುತ್ತ ನೀಲಿ ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಿ ಹಿಡಿದ. ದೀಪ ಹೊತ್ತಲಿಲ್ಲ. ಹಾಳೆಯ ಹಿಂದೆ ತನ್ನ ಹೆಬ್ಬೆರಳಿಟ್ಟು ಒತ್ತಿದ, ನಾಡಿ ತನ್ನದಾದರೂ ತಾಗಲಿ ಎಂದು. ಜೀವಂತ ಬೆರಳನ್ನು ಇಡಿ ಎಂದು ಪರದೆ ಸೌಜನ್ಯದಿಂದ ಹೇಳಿತು. ಅವನು ಮತ್ತೆ ಒತ್ತಿದ. ಅದು ಮತ್ತೆ ಅದನ್ನೇ ಹೇಳಿತು.

"ಅಣ್ಣಾ, ಬಿಡು," ಎಂದ ಈರಣ್ಣ. "ಹಾಳಿ ಹರದೀತು."

"ಬ್ಯಾರೆ ದಾರಿ ಇರಬೇಕಲ್ಲ ರುಬೀನಾ! ದಂಡ ಕಟ್ಟತೇನಿ. ಮರಣದ ದಾಖಲೆ ತರತೇನಿ."

"ಯಾರಿಗಿ ತೋರಸ್ತೀರಿ ಕಾಕಾ?" ಎಂದಳು ರುಬೀನಾ. ಅವಳ ಕಣ್ಣು ತುಂಬಿದ್ದವು. "ಇಲ್ಲಿ ನೋಡೋರು ಯಾರೂ ಇಲ್ಲ. ಐದ ಸಾಕಂತ ಬರಸೂಣಂದೆ, ಒಂದ ನಕಲ ಇಟಗೊಳ್ಳೂಣಂದೆ. ನೀವ ಬಾಜೂಕ ಕುಂತು ಅಳಿಸಿದ್ರಿ."

ಅಷ್ಟು ಹೊತ್ತೂ ಸುವರ್ಣಾ ಕುರ್ಚಿಯ ಮೇಲೆ ಅಲ್ಲಾಡದೆ ಕುಳಿತಿದ್ದಳು. ನಡೆದದ್ದು ಅವಳಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು. "ಅತ್ತಿ ಹೆಸರ ಇನ್ನೂ ಯಾಕ ಇಟ್ಟಿದ್ರಿ?" ಎಂದು ಕೇಳಿದಳು.

ಮುರಿಗೆಪ್ಪ ನೆಲ ನೋಡಿದ. "ಒಂದ ಪಾಲ ಹೆಚ್ಚಿಗಿ ಬರತೈತಂತ."

"ಯಾರಿಗಿ?"

ಅವರಿಬ್ಬರಿಗೆ ದಾನಮ್ಮನ ನಂತರ ಮಕ್ಕಳಾಗಿರಲಿಲ್ಲ. ಮೊಮ್ಮಕ್ಕಳ ಕಾಲಕ್ಕೂ ಹೆಸರು ನಮ್ಮದೇ ಎಂದು ಅವನು ನವನಗರದ ತುಂಬ ಹೇಳಿಕೊಂಡು ತಿರುಗಿದ್ದಾಗ, ಯಾರ ಮೊಮ್ಮಕ್ಕಳು ಎಂದು ತನ್ನನ್ನೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸುವರ್ಣಾ ಎದ್ದು ಸೆರಗು ಹೊದ್ದುಕೊಂಡು ಬಾಗಿಲ ಕಡೆ ನಡೆದಳು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಫಲಕದ ಅಂಕಿ 1,000ದಿಂದ 999ಕ್ಕೆ ಇಳಿಯಿತು. ಸದ್ದೇನೂ ಆಗಲಿಲ್ಲ. ರುಬೀನಾ ಫೋನ್ ಮಾಡಿ ಹೇಳಿದಾಗ ಮುರಿಗೆಪ್ಪ ಇನ್ನೂ ಅಫಿಡವಿಟ್ ಬರೆಯುವವನ ಅಂಗಡಿಯಲ್ಲೇ ಕುಳಿತಿದ್ದ. ಯಾರ ಹೆಸರಿಗೆ ಬರೆಯಲಿ ಎಂದು ಬರೆಯುವವನು ಕೇಳುತ್ತಿದ್ದ.

*

ಪಟ್ಟಿ ಕಲ್ಲಾದರೂ ಊರು ಒಮ್ಮೆಲೇ ಹೋಗಲಿಲ್ಲ. ತುಣುಕು ಇಟ್ಟುಕೊಂಡ ಯಂತ್ರಗಳು ಒಂದೊಂದಾಗಿ ಆರಿದಂತೆ ಅದು ಒಂದೊಂದು ಮನೆಯಾಗಿ ಹೋಯಿತು. ನೀರಿನಲ್ಲಾದರೆ ತಗ್ಗಿನ ಕೇರಿ ಮೊದಲು, ದಿಬ್ಬ ಆಮೇಲೆ ಎಂಬ ಕ್ರಮವಿತ್ತು. ಇಲ್ಲಿ ಅದೂ ಇಲ್ಲ. ಮೇಲಿನ ಕೇರಿಯ ನಡುವಿನ ಒಂದು ಮನೆ, ಗುಡಿಯ ಅರ್ಧ ಕಂಬ, ಒಂದು ಹಾದಿಯ ತಿರುವು, ಹೀಗೆ ಎಲ್ಲೆಂದರಲ್ಲಿ ಬೆಳ್ಳಗಾಗುತ್ತ ಹೋಯಿತು. ಊರಿನವರು ಫೋನ್ ಮಾಡಿ ಕೇಳಿದರು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು, ಕೆಲವರು ಬೈದರು. ಬೈಯದವರು ಇನ್ನೊಮ್ಮೆ ಫೋನ್ ಮಾಡಲಿಲ್ಲ.

ರುಬೀನಾ ಕಾಲೇಜಿನ ಕೆಲಸ ಮುಗಿಸಿ ಬಂದು, ಕನ್ನಡಕ ಹಾಕಿಕೊಂಡು ಊರಿನಲ್ಲಿ ಉಳಿದ ಕಡೆಯೆಲ್ಲ ತಿರುಗಿ ಫೋಟೊ ತೆಗೆದಳು. ಗದ್ದಿಗೆಯ ಫೋಟೊವನ್ನು ದೊಡ್ಡದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ ತಂದುಕೊಟ್ಟಳು.

"ಚೊಲೊ ಬಂದೈತಿ," ಎಂದಳು ಸುವರ್ಣಾ. "ಇದರ ಬಾಜೂಕ ಕುಂದ್ರಾಕ ಬರೂದಿಲ್ಲ ನೋಡು ತಂಗಿ." ಆದರೂ ಅದನ್ನು ದೇವರ ಮನೆಯಲ್ಲಿ ತೂಗುಹಾಕಿದಳು.

ಅಡಿಗೆ ಮುರಿಗೆಪ್ಪನ ಪಾಲಿಗೆ ಬಂತು. ಸುವರ್ಣಾ ಬೆಳಗಿನಿಂದ ಸಂಜೆಯವರೆಗೆ ಮಣೆಯ ಮೇಲೆಯೇ ಕುಳಿತಿರುತ್ತಿದ್ದಳು, ಕಣ್ಣು ಕೆಂಪಾಗಿ ಊದಿದರೂ ಕನ್ನಡಕ ಇಳಿಸುತ್ತಿರಲಿಲ್ಲ. ಬದುವಿನ ಹಾದಿ ಹೋದ ದಿನ ಅವಳು ಬೆಳ್ಳಗಿನಲ್ಲೇ ಹೆಜ್ಜೆ ಎಣಿಸಿಕೊಂಡು ಬನ್ನಿಗಿಡದ ಹತ್ತಿರ ಹೋದಳಂತೆ. ಎಂಟನೆಯ ದಿನ ಗಿಡವೂ ಹೋಯಿತು. ಒಂಬತ್ತನೆಯ ದಿನ ಮುರಿಗೆಪ್ಪ ತಾಟಿನಲ್ಲಿ ರೊಟ್ಟಿ ಪಲ್ಯ ಇಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದ.

"ಎರಡ ಕಲ್ಲ ಅದಾವ," ಎಂದಳು ಅವಳು. ಸ್ವಲ್ಪ ಹೊತ್ತಿನ ಮೇಲೆ, "ಒಂದೈತಿ," ಎಂದಳು.

ಆಮೇಲೆ ಕನ್ನಡಕ ತೆಗೆದು, ಮಡಚಿ, ಗಂಡನ ತೊಡೆಯ ಮೇಲೆ ಇಟ್ಟಳು. ಮುರಿಗೆಪ್ಪನಿಗೆ ಅಳು ತಡೆಯಲಾಗಲಿಲ್ಲ. ಅವಳು ಅವನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ತಾಟು ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದಳು.

*

ಶ್ರಾವಣದ ಮೂರನೆಯ ಸೋಮವಾರ ಸುವರ್ಣಾ ಮಾದಲಿ ಮಾಡಿದಳು. ಹಸಿರು ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಅಡಕೆ, ಅರಿಸಿಣದ ಕೊಂಬು ಎಲ್ಲ ಬುಟ್ಟಿಯಲ್ಲಿಟ್ಟುಕೊಂಡು, "ದಂಡಿಗಿ ಹೋಗೂಣು ನಡೀರಿ," ಎಂದಳು. ಆ ಒಂಬತ್ತನೆಯ ದಿನದಿಂದ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಹಿನ್ನೀರು ತುಂಬಿ ನಿಂತಿತ್ತು. ಹನ್ನೆರಡು ವರ್ಷದ ಹಿಂದಿನ ದಂಡೆಯೂ ಅದಲ್ಲ. ಆಗಿದ್ದ ಜಾಲಿಗಿಡಗಳಿಲ್ಲ, ಬಂಡೆ ಒಡೆದು ಗುಡ್ಡದ ಆಕಾರವೇ ಬೇರೆಯಾಗಿದೆ, ಆಚೆ ದಡದ ತುಂಬ ಸೂರ್ಯನ ಬೆಳಕಿನಿಂದ ಕರೆಂಟು ತೆಗೆಯುವ ಫಲಕಗಳು. ಕಣ್ಣು ಹೋದಷ್ಟು ದೂರ ಒಂದೇ ಬಣ್ಣದ ನೀರು. ಸುವರ್ಣಾ ಮಂಡಿಯವರೆಗೆ ಇಳಿದು ನಿಂತು, ಬುಟ್ಟಿ ಎತ್ತಿ ಹಿಡಿದು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಯಾವ ಕಡೆರೀ?" ಎಂದು ಕೇಳಿದಳು.

ಒಂದು ಕಾಲಕ್ಕೆ ಕಣ್ಣು ಕಟ್ಟಿ ಬಿಟ್ಟರೂ ತೋರಿಸುತ್ತಿದ್ದವಳು ಅವಳು. ಮುರಿಗೆಪ್ಪ ಕೈ ಎತ್ತಿದ. ಊರಿನ ಗಡಿ, ಗುಂಟೆ, ಚಕ್ಕುಬಂದಿ, ಎಲ್ಲವನ್ನೂ ಬಾಯಲ್ಲಿ ಇಟ್ಟುಕೊಂಡಿದ್ದವನು. ಎತ್ತಿದ ಕೈ ಎಲ್ಲಿ ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ. ಹನ್ನೊಂದು ವರ್ಷದಿಂದ ಊರಿಗೆ ದಿಕ್ಕು ಇರಲಿಲ್ಲ, ಹೆಸರು ಹೇಳಿದರೆ ಸಾಕಿತ್ತು. ರೂಢಿಯ ಕೈ ತಾನಾಗಿ ಜೇಬಿಗೆ ಹೋಗಿ ಫೋನ್ ತೆಗೆಯಿತು, ಬಾಯಿ ತಾನಾಗಿ ಹೇಳಿತು:

"ಕಲ್ಲಗುಂಡನಾಳ."

"ಈ ಹೆಸರು ಪಟ್ಟಿಯಲ್ಲಿ ಇಲ್ಲ," ಎಂದಿತು ಫೋನು. "ದಯವಿಟ್ಟು ಬೇರೆ ಹೆಸರು ಹೇಳಿ."

ಸುವರ್ಣಾ ತಿರುಗಿ ನೋಡಲಿಲ್ಲ. ತಾನು ನಿಂತಲ್ಲಿಯೇ ಬಗ್ಗಿ, ಖಣವನ್ನು ನೀರಿಗೆ ಬಿಟ್ಟಳು, ಮಾದಲಿಯನ್ನು ಒಂದೊಂದು ಹಿಡಿಯಾಗಿ ಸುತ್ತಲೂ ಚೆಲ್ಲಿದಳು, ನಾಲ್ಕೂ ಕಡೆಗೆ. ಬುಟ್ಟಿ ತೊಳೆದುಕೊಂಡು ಮೇಲೆ ಬಂದಳು. ಖಣ ಅಲ್ಲೇ ದಂಡೆಗೆ ತಾಗಿಕೊಂಡು ತೇಲುತ್ತಿತ್ತು. ಮುರಿಗೆಪ್ಪ ಒಂದು ಕೋಲು ಹುಡುಕಿ ತಂದು ಅದನ್ನು ಒಳಗೆ ತಳ್ಳಿದ. ಅದು ಸ್ವಲ್ಪ ದೂರ ಹೋಗಿ ಮತ್ತೆ ದಂಡೆಗೇ ಬಂತು. ಅವನು ಮತ್ತೆ ತಳ್ಳಿದ.